ಹುಲ್ಲಿನಿಂದ ನೂಲಿಗೆ: ಇನ್ನೂರು ವರ್ಷಗಳ ಹಾದಿ

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಆ ನಾರು ಎಲ್ಲಿಂದ ಬಂತು ಎಂದು ಯೋಚಿಸುವವರು ಕಡಿಮೆ. ಗೊನೆ ಕಡಿದ ಮೇಲೆ ಬಾಳೆಗಿಡದ ಬಾಳು ಮುಗಿಯಿತು. ತೋಟದ ಮೂಲೆಯಲ್ಲಿ ಕೊಳೆಯಬೇಕಾದ ಅದರ ಪಟ್ಟೆಯನ್ನು ಒಣಗಿಸಿ, ಸೀಳಿ, ನೀರಿನಲ್ಲಿ ನೆನೆಸಿ ಹೂವಾಡಗಿತ್ತಿ ಅದರಲ್ಲಿ ಮಲ್ಲಿಗೆಯ ಮಾಲೆ ಕಟ್ಟುತ್ತಾಳೆ. ಬೆಳೆಯ ಕಸದಿಂದ ನಾರು ತೆಗೆಯುವ ಕಸುಬು ಈ ನಾಡಿನಲ್ಲಿ ಅಷ್ಟು ಹಳೆಯದು, ಅಷ್ಟು ಸರಳವಾದದ್ದು.

ಈಚಿನ ವರ್ಷಗಳಲ್ಲಿ ಇದೇ ವಿಚಾರ ದೊಡ್ಡ ಪ್ರಮಾಣದಲ್ಲಿ ಸುದ್ದಿಯಲ್ಲಿದೆ. ಭತ್ತದ ಹುಲ್ಲು, ಗೋಧಿಯ ಹುಲ್ಲು, ಕಬ್ಬಿನ ಸಿಪ್ಪೆ, ಹತ್ತಿ ಕಟ್ಟಿಗೆ, ಬಾಳೆಯ ದಿಂಡು ಇವುಗಳಿಂದ ಬಟ್ಟೆಯ ನೂಲು ತೆಗೆಯಬಹುದು. ಅದರಿಂದ ಕಾಡು ಉಳಿದೀತು, ಹೊಲದಲ್ಲಿ ಹಚ್ಚುವ ಬೆಂಕಿ ನಿಂತೀತು, ರೈತನ ಕೈಗೂ ನಾಲ್ಕು ಕಾಸು ಬಂದೀತು ಎಂಬುದು ಆಶಯ. ಆಶಯ ಸುಳ್ಳಲ್ಲ. ಆದರೆ ಹೊಸದೂ ಅಲ್ಲ. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಮನುಷ್ಯ ಈ ಪ್ರಯತ್ನದಲ್ಲಿದ್ದಾನೆ. ಕೆಲವೆಡೆ ಗೆದ್ದಿದ್ದಾನೆ, ಹಲವೆಡೆ ಸೋತಿದ್ದಾನೆ. ಆ ಸೋಲು ಗೆಲುವುಗಳ ಚರಿತ್ರೆಯನ್ನು ನೋಡಿದರೆ, ಅವುಗಳ ಕಾರಣ ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಮೂರು ಸಾಮಾನ್ಯ ಪ್ರಶ್ನೆಗಳಲ್ಲಿ ಅಡಗಿರುವುದು ಕಾಣುತ್ತದೆ. ಕಸವನ್ನು ಒಂದೆಡೆ ತಂದು ಹಾಕುವವರು ಯಾರು? ಅದನ್ನು ಬೇಯಿಸಿದ ನೀರು ಹೋಗುವುದೆಲ್ಲಿಗೆ? ಆ ಕಸಕ್ಕೆ ಮೊದಲೇ ಬೇರೆ ಹಕ್ಕುದಾರರಿಲ್ಲವೆ?

ಗಿಡದೊಳಗಿನ ನಾರು

ಮೊದಲು ಸೆಲ್ಯುಲೋಸ್ ಎಂದರೇನು ಎಂಬುದನ್ನು ತಿಳಿಯಬೇಕು. 1838ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ಸೆಲ್ಮ್ ಪಾಯೆನ್ ಬೇರೆ ಬೇರೆ ಗಿಡಮರಗಳ ಭಾಗಗಳನ್ನು ಆಮ್ಲ ಮತ್ತು ಕ್ಷಾರಗಳಲ್ಲಿ ಸಂಸ್ಕರಿಸಿದ. ಕೊನೆಗೆ ಉಳಿದ ಬಿಳಿಯ ನಾರು ಎಲ್ಲದರಲ್ಲೂ ಒಂದೇ ಆಗಿತ್ತು. ಪಿಷ್ಟದಲ್ಲಿರುವ ಮೂಲವಸ್ತುಗಳೇ ಅದೇ ಪ್ರಮಾಣದಲ್ಲಿ ಅದರಲ್ಲೂ ಇದ್ದವು. ಆದರೆ ಗುಣ ಮಾತ್ರ ಬೇರೆ. ಸಸ್ಯಕೋಶದ ಗೋಡೆಯನ್ನು ಕಟ್ಟುವ ಈ ವಸ್ತುವಿಗೆ ಅವನಿಟ್ಟ ಹೆಸರು ಸೆಲ್ಯುಲೋಸ್. ಅನ್ನದ ಪಿಷ್ಟವೂ ಅಂಗಿಯ ಹತ್ತಿಯೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಕೊಂಡಿಗಳಿಂದ ಆದವು. ಕೊಂಡಿ ಬೆಸೆದಿರುವ ರೀತಿಯಲ್ಲಷ್ಟೇ ವ್ಯತ್ಯಾಸ. ಅಷ್ಟರಿಂದಲೇ ಒಂದು ಹೊಟ್ಟೆಗೆ ಆಗುತ್ತದೆ, ಇನ್ನೊಂದು ಬಟ್ಟೆಗೆ.

ಹತ್ತಿಯಲ್ಲಿ ಸೆಲ್ಯುಲೋಸ್ ಶೇಕಡ 90ಕ್ಕೂ ಹೆಚ್ಚು. ಮರದಲ್ಲಿ ಅದು ಶೇಕಡ 40ರಿಂದ 50. ಕಬ್ಬಿನ ಸಿಪ್ಪೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹುಲ್ಲಿನಲ್ಲಿ ತುಸು ಕಡಿಮೆ. ಅಂದರೆ ಒಂದು ಟನ್ ಶುದ್ಧ ಸೆಲ್ಯುಲೋಸ್ ಬೇಕಾದರೆ ಸುಮಾರು ಮೂರು ಟನ್ ಒಣಹುಲ್ಲು ಬೇಕು. ಉಳಿದದ್ದರಲ್ಲಿ ಮುಖ್ಯವಾದದ್ದು ಲಿಗ್ನಿನ್ ಎಂಬ ಅಂಟು ಮತ್ತು ಹೆಮಿಸೆಲ್ಯುಲೋಸ್ ಎಂಬ ಬೇರೆ ಜಾತಿಯ ಸಕ್ಕರೆಗಳ ಕೂಟ. ಹುಲ್ಲಿನ ಜಾತಿಗಳಲ್ಲಿ ಮೂರನೆಯ ಸಂಗಾತಿಯೊಂದಿದೆ. ಅದೇ ಸಿಲಿಕಾ, ಅಂದರೆ ಮರಳಿನ ಅಂಶ. ಭತ್ತದ ಗದ್ದೆಯಲ್ಲಿ ಬರಿಗೈಯಲ್ಲಿ ಹುಲ್ಲು ಹಿಡಿದವರಿಗೆ ಅದರ ಅಂಚು ಕೈ ಕೊಯ್ಯುವುದು ಗೊತ್ತು. ಅದಕ್ಕೆ ಕಾರಣ ಈ ಸಿಲಿಕಾ. ಭತ್ತದ ಹುಲ್ಲನ್ನು ಸುಟ್ಟರೆ ಉಳಿಯುವ ಬೂದಿ ತೂಕದಲ್ಲಿ ಶೇಕಡ 15ರಷ್ಟಿರಬಹುದು. ಅದರಲ್ಲಿ ಬಹುಪಾಲು ಸಿಲಿಕಾವೇ. ಗದ್ದೆಯಲ್ಲಿ ಪೈರನ್ನು ಬಾಗದಂತೆ ನಿಲ್ಲಿಸುವ ಈ ವಸ್ತು ಕಾರ್ಖಾನೆಯಲ್ಲಿ ಏನು ಮಾಡುತ್ತದೆ ಎಂಬುದು ಮುಂದೆ ಬರುತ್ತದೆ.

ಕಾಗದವಾಗಲಿ, ಬಟ್ಟೆಯಾಗಲಿ, ಮೊದಲ ಕೆಲಸ ಒಂದೇ. ಗಿಡವನ್ನು ಬೇಯಿಸಿ ಲಿಗ್ನಿನ್ ಕಳೆದು ಪಲ್ಪ್ ಎಂಬ ಮುದ್ದೆ ಮಾಡುವುದು. ಆ ಮುದ್ದೆಯನ್ನು ಹಾಗೆಯೇ ತೆಳುವಾಗಿ ಹರಡಿ ಒಣಗಿಸಿದರೆ ಕಾಗದ. ಇನ್ನಷ್ಟು ಶುದ್ಧಗೊಳಿಸಿ, ಕರಗಿಸಿ, ಸಣ್ಣ ರಂಧ್ರಗಳಿಂದ ಹಿಂಡಿ ಎಳೆ ತೆಗೆದರೆ ನೂಲು. ಆದ್ದರಿಂದ ನೂಲಿನ ಕತೆ ಕಾಗದದಿಂದಲೇ ಆರಂಭವಾಗುತ್ತದೆ.

ಚಿಂದಿಯ ಬರ

ಯೂರೋಪಿನಲ್ಲಿ 18ನೆಯ ಶತಮಾನದವರೆಗೆ ಕಾಗದ ಮಾಡುತ್ತಿದ್ದುದು ಚಿಂದಿ ಬಟ್ಟೆಯಿಂದ. ಓದುವವರು ಹೆಚ್ಚಿದಂತೆ ಚಿಂದಿಗೆ ಬರ ಬಂತು. ಜರ್ಮನಿಯ ಪಾದ್ರಿ, ಸಸ್ಯಶಾಸ್ತ್ರಜ್ಞ ಯಾಕೋಬ್ ಕ್ರಿಶ್ಚಿಯನ್ ಶೆಫರ್ 1765ರಿಂದ ಕೆಲವು ವರ್ಷ ಹುಲ್ಲು, ಆಲೂಗಡ್ಡೆ, ಕಣಜದ ಗೂಡು, ಹೀಗೆ ಸಿಕ್ಕಿದ್ದರಿಂದೆಲ್ಲ ಕಾಗದ ಮಾಡಿ ನೋಡಿದ. ಮಾದರಿಗಳನ್ನು ತನ್ನ ಪುಸ್ತಕದಲ್ಲಿಯೇ ಸೇರಿಸಿ ಪ್ರಕಟಿಸಿದ. 1800ರಲ್ಲಿ ಲಂಡನ್ನಿನ ಮಥಾಯಸ್ ಕೂಪ್ಸ್ ಒಂದು ಹೆಜ್ಜೆ ಮುಂದೆ ಹೋಗಿ, ಬರವಣಿಗೆಯ ಸಾಧನಗಳ ಚರಿತ್ರೆಯನ್ನು ಕುರಿತ ತನ್ನ ಪುಸ್ತಕವನ್ನು ಹುಲ್ಲಿನ ಕಾಗದದ ಮೇಲೆಯೇ ಅಚ್ಚು ಹಾಕಿಸಿ ಮೂರನೆಯ ಜಾರ್ಜ್ ದೊರೆಗೆ ಅರ್ಪಿಸಿದ. ಹುಲ್ಲಿನ ಕಾಗದಕ್ಕೆಂದೇ ಅವನು ಕಟ್ಟಿದ ದೊಡ್ಡ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಸಾಲದಲ್ಲಿ ಮುಳುಗಿ ಮುಚ್ಚಿತು. ಕಾಗದ ಬಂತು, ಕಾಸು ಬರಲಿಲ್ಲ.

1844ರಲ್ಲಿ ಜರ್ಮನಿಯ ಕೆಲ್ಲರ್ ಮರವನ್ನು ಅರೆದು ಕಾಗದ ಮಾಡುವ ಕ್ರಮ ಕಂಡುಕೊಂಡ. ಮುಂದಿನ ನಾಲ್ಕು ದಶಕಗಳಲ್ಲಿ ಮರವನ್ನು ಕ್ಷಾರ, ಆಮ್ಲಗಳಲ್ಲಿ ಬೇಯಿಸುವ ವಿಧಾನಗಳೂ ಬಂದವು. ಮರ ಹುಲ್ಲಿನಂತೆ ಸುಗ್ಗಿಯಲ್ಲಿ ಮಾತ್ರ ಸಿಗುವುದಲ್ಲ. ಮಳೆಗೆ ಬೇಗ ಕೊಳೆಯುವುದಿಲ್ಲ. ಹೊಳೆಯಲ್ಲಿ ತೇಲಿಬಿಟ್ಟರೆ ತಾನೇ ಕಾರ್ಖಾನೆಗೆ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕಾಡನ್ನು ಬೆಳೆಸಿದ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹುಲ್ಲು ಹಿಂದೆ ಬಿತ್ತು.

ಆ ಕಾಲದಲ್ಲಿಯೂ ಗೆದ್ದ ಹುಲ್ಲೊಂದಿದೆ. ಸ್ಪೇನ್ ಮತ್ತು ಉತ್ತರ ಆಫ್ರಿಕಾದ ಒಣಭೂಮಿಯಲ್ಲಿ ಬೆಳೆಯುವ ಎಸ್ಪಾರ್ಟೊ ಎಂಬ ಈ ಕಾಡುಹುಲ್ಲನ್ನು ಥಾಮಸ್ ರೌಟ್ಲೆಜ್ 1850ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಕಾಗದಕ್ಕೆ ಬಳಸಿದ. ಕಲ್ಲಿದ್ದಲು ಹೊತ್ತು ಹೋದ ಹಡಗುಗಳು ಬರಿದಾಗಿ ಮರಳುವ ಬದಲು ಈ ಹುಲ್ಲನ್ನು ತುಂಬಿಕೊಂಡು ಬಂದವು. ಸಾಗಾಣಿಕೆಯ ಖರ್ಚು ಉಳಿದದ್ದೇ ಆ ಹುಲ್ಲಿನ ಭಾಗ್ಯವಾಯಿತು. ಇದೇ ರೌಟ್ಲೆಜ್ ಮುಂದೆ 1875ರಲ್ಲಿ ಬಿದಿರಿನಿಂದ ಕಾಗದ ಮಾಡಬಹುದೆಂದು ವಾದಿಸಿದ. ಆ ಮಾತಿನ ಫಲ ಭಾರತದ ಕಾಡುಗಳಿಗೆ ತಟ್ಟಲು ಇನ್ನೂ ಕಾಲವಿತ್ತು.

ಕೃತಕ ರೇಷ್ಮೆ

ಕರಗಿಸಿ ನೂಲು ತೆಗೆಯುವ ಕನಸಿಗೆ ಪ್ರೇರಣೆ ರೇಷ್ಮೆಹುಳು. ಫ್ರಾನ್ಸಿನ ರೇಷ್ಮೆಹುಳುಗಳಿಗೆ ರೋಗ ತಗುಲಿದ್ದಾಗ ಲೂಯಿ ಪಾಸ್ತರ್ ನಡೆಸಿದ ಸಂಶೋಧನೆಯನ್ನು ಹತ್ತಿರದಿಂದ ಕಂಡಿದ್ದ ಕೌಂಟ್ ಶಾರ್ಡೊನೆ, ಹುಳು ಮಾಡುವುದನ್ನು ಯಂತ್ರ ಏಕೆ ಮಾಡಬಾರದೆಂದು ಯೋಚಿಸಿದ. ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಿಂದ ಮಾರ್ಪಡಿಸಿ ಎಳೆ ತೆಗೆಯುವ ಕ್ರಮಕ್ಕೆ 1884ರಲ್ಲಿ ಪೇಟೆಂಟ್ ಪಡೆದ. 1889ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವನ ಕೃತಕ ರೇಷ್ಮೆ ಜನರ ಕಣ್ಣು ಸೆಳೆಯಿತು. ಆದರೆ ಅದು ಬಂದೂಕಿನ ಮದ್ದಿನ ಹತ್ತಿರದ ನೆಂಟ. ಸರಿಯಾಗಿ ಸಂಸ್ಕರಿಸದಿದ್ದರೆ ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತಿತ್ತು.

ತಾಮ್ರ ಮತ್ತು ಅಮೋನಿಯಾದ ದ್ರಾವಣದಲ್ಲಿ ಸೆಲ್ಯುಲೋಸ್ ಕರಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಶ್ವೈಟ್ಸರ್ 1857ರಲ್ಲಿಯೇ ತೋರಿಸಿದ್ದ. ಅದರ ಆಧಾರದ ಮೇಲೆ ಜರ್ಮನಿಯ ಬೆಂಬರ್ಗ್ ಕಂಪನಿ ನಯವಾದ ನೂಲು ತಯಾರಿಸಿತು. ಈ ನೂಲಿಗೆ ಬಳಕೆಯಾದ ಸಾಮಗ್ರಿಗಳಲ್ಲಿ ಗಮನಿಸಬೇಕಾದದ್ದು ಹತ್ತಿಬೀಜದ ಮೇಲಿನ ತುಪ್ಪುಳು. ಜಿನ್ ಯಂತ್ರ ಉದ್ದನೆಯ ಅರಳೆಯನ್ನು ಬಿಡಿಸಿಕೊಂಡ ಮೇಲೂ ಬೀಜಕ್ಕೆ ಗಿಡ್ಡನೆಯ ನಯವಾದ ತುಪ್ಪುಳು ಅಂಟಿಕೊಂಡೇ ಇರುತ್ತದೆ. ನೇರವಾಗಿ ನೂಲಲು ಬಾರದ ಈ ಲಿಂಟರ್ ಕರಗಿಸಲು ಬಲು ಯೋಗ್ಯ. ಏಕೆಂದರೆ ಅದು ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್. ಜಪಾನಿನ ನೊಬೆಒಕಾದಲ್ಲಿ ಅಸಾಹಿ ಸಂಸ್ಥೆ 1931ರಲ್ಲಿ ಆರಂಭಿಸಿದ ಈ ನೂಲಿನ ತಯಾರಿಕೆ ಇಂದಿಗೂ ಲಿಂಟರ್‌ನಿಂದಲೇ ನಡೆದಿದೆ. ಕೋಟಿನ ಒಳಪದರಕ್ಕೆ ಹೆಸರಾದ ಕ್ಯುಪ್ರೊ ಬಟ್ಟೆ ಇದೇ. ಬೆಳೆಯ ಶೇಷದಿಂದ ಕರಗಿಸಿ ತೆಗೆದ ನೂಲು ಗಟ್ಟಿಯಾಗಿ ಬಾಳಿದ ಉದಾಹರಣೆ ಇದು. ಅದು ಬಾಳಿದ ಗುಟ್ಟೂ ಸರಳ. ಬೀಜ ಎಣ್ಣೆಯ ಗಿರಣಿಗೆ ಹೇಗೂ ಬರುತ್ತದೆ. ತುಪ್ಪುಳನ್ನು ಅಲ್ಲಿಯೇ ತೆಗೆಯಬಹುದು. ಹೊಲಹೊಲ ಅಲೆದು ಕೂಡಿಹಾಕಬೇಕಾಗಿಲ್ಲ.

ಆದರೆ ಮಾರುಕಟ್ಟೆಯನ್ನು ಆಳಿದ್ದು ಬೇರೆ ವಿಧಾನ. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡ್ಲ್ ಪಲ್ಪನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ, ಜೇನಿನಂಥ ದ್ರವ ಮಾಡಿದರು. ಅದೇ ವಿಸ್ಕೋಸ್. ಅದನ್ನು ಗಂಧಕಾಮ್ಲದ ತೊಟ್ಟಿಯಲ್ಲಿ ಹಿಂಡಿದರೆ ಎಳೆ ಗಟ್ಟಿಯಾಗುತ್ತದೆ. 1904ರಲ್ಲಿ ಕೋರ್ಟಾಲ್ಡ್ಸ್ ಕಂಪನಿ ಇದರ ಹಕ್ಕು ಕೊಂಡಿತು. 1924ರಲ್ಲಿ ರೇಯಾನ್ ಎಂಬ ಹೆಸರು ಬಂತು. ಅಗ್ಗದ ಮರದ ಪಲ್ಪ್ ಸಾಕಾದ್ದರಿಂದ ರೇಯಾನ್ ಬಡವರ ರೇಷ್ಮೆಯಾಯಿತು. ಅದರ ಬೆಲೆಯನ್ನು ಕಾರ್ಮಿಕರೂ ತೆತ್ತರು. ಕಾರ್ಬನ್ ಡೈಸಲ್ಫೈಡ್ ಆವಿ ನರಗಳನ್ನೂ ಮನಸ್ಸನ್ನೂ ಕೆಡಿಸುತ್ತದೆ ಎಂಬುದನ್ನು ಅಮೆರಿಕದ ವೈದ್ಯೆ ಅಲೈಸ್ ಹ್ಯಾಮಿಲ್ಟನ್ ಮೊದಲಾದವರು ಜಗತ್ತಿಗೆ ಎತ್ತಿ ತೋರಿಸಬೇಕಾಯಿತು.

ಬಿದಿರು, ನೀಲಗಿರಿ ಮತ್ತು ಗೋಮಾಳ

ಭಾರತದಲ್ಲಿ ರೇಯಾನ್ ನೂಲು ಮೊದಲು ತಯಾರಾದದ್ದು 1950ರಲ್ಲಿ, ಕೇರಳದ ಪೆರುಂಬಾವೂರಿನ ಟ್ರಾವಂಕೂರ್ ರೇಯಾನ್ಸ್ ಕಾರ್ಖಾನೆಯಲ್ಲಿ. 1954ರಲ್ಲಿ ಮಧ್ಯಪ್ರದೇಶದ ನಾಗ್ದಾದಲ್ಲಿ ಗ್ವಾಲಿಯರ್ ರೇಯಾನ್ಸ್ ವಿಸ್ಕೋಸ್ ಸ್ಟೇಪಲ್ ನಾರಿನ ತಯಾರಿಕೆ ಆರಂಭಿಸಿತು. ಆರಂಭದಲ್ಲಿ ಪಲ್ಪ್ ಹೊರದೇಶದಿಂದ ಬರಬೇಕಿತ್ತು. ಅದನ್ನು ಇಲ್ಲಿಯೇ ಮಾಡಲು ಕಣ್ಣು ಬಿದ್ದದ್ದು ಬಿದಿರಿನ ಮೇಲೆ. ಕೇರಳದ ಮಾವೂರಿನಲ್ಲಿ ಪಲ್ಪ್ ಕಾರ್ಖಾನೆಗಾಗಿ 1958ರಲ್ಲಿ ಆದ ಒಪ್ಪಂದದಂತೆ ಸರ್ಕಾರ ಒಂದು ಟನ್ ಬಿದಿರನ್ನು 1 ರೂಪಾಯಿಗೆ ಕೊಡಲು ಒಪ್ಪಿತು. ಬುಟ್ಟಿ ಹೆಣೆಯುವವನು ಪೇಟೆಯಲ್ಲಿ ಕೊಳ್ಳುವ ಬಿದಿರಿನ ಬೆಲೆಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಕಾಡಿನ ಬಿದಿರು ಕರಗಿತು, ಚಾಲಿಯಾರ್ ಹೊಳೆ ಕೆಟ್ಟಿತು, ಕೊನೆಗೆ 2001ರಲ್ಲಿ ಕಾರ್ಖಾನೆಯೂ ಮುಚ್ಚಿತು.

ಕರ್ನಾಟಕದ ಅಧ್ಯಾಯ ತುಂಗಭದ್ರೆಯ ದಡದಲ್ಲಿ ನಡೆಯಿತು. ಹರಿಹರದ ಎದುರಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ರೇಯಾನ್ ದರ್ಜೆಯ ಪಲ್ಪನ್ನು ನೀಲಗಿರಿ ಮರದಿಂದ ತಯಾರಿಸುತ್ತದೆ. ಅದಕ್ಕೆ ಮರ ಬೆಳೆಸಲು 1984ರಲ್ಲಿ ಸರ್ಕಾರ ಮತ್ತು ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆಯನ್ನು ಹುಟ್ಟುಹಾಕಿದವು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯನ್ನು ಅದಕ್ಕೆ ಬಿಟ್ಟುಕೊಡುವ ತೀರ್ಮಾನವಾಯಿತು. ಕಡತದಲ್ಲಿ ಅದು ಬಂಜರು. ಹಳ್ಳಿಯವರಿಗೆ ಅದು ದನ ಮೇಯುವ, ಸೌದೆ ಆಯುವ, ಗುಡಿಸಲಿಗೆ ಹುಲ್ಲು ಕೊಯ್ಯುವ ಜಾಗ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಮುಂದಾಳ್ತನದಲ್ಲಿ ಚಳವಳಿ ಎದ್ದಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೋ–ಹಚ್ಚಿಕೋ’ ಎಂದೇ ಆ ಸತ್ಯಾಗ್ರಹ ಹೆಸರಾಯಿತು. ಶಿವರಾಮ ಕಾರಂತರೂ ಸೇರಿದಂತೆ ಹಲವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1991ರಲ್ಲಿ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು.

ಈ ಜಗಳದಲ್ಲಿ ಒಂದು ಪಾಠವಿದೆ. ಒಬ್ಬರ ಕಡತದಲ್ಲಿ ‘ಬಂಜರು’ ಆದದ್ದು ಇನ್ನೊಬ್ಬರ ಬದುಕಾಗಿರಬಹುದು. ‘ತ್ಯಾಜ್ಯ’ ಎಂಬ ಪದಕ್ಕೂ ಈ ಮಾತು ಸಲ್ಲುತ್ತದೆ.

ಕಬ್ಬಿನ ಸಿಪ್ಪೆಯ ಅದೃಷ್ಟ

ಕಾಡಿಗೆ ಬದಲಾಗಿ ಹೊಲದ ಶೇಷ ನಿಜವಾಗಿ ಕೈಹಿಡಿದದ್ದು ಕಬ್ಬಿನ ಸಿಪ್ಪೆಯಲ್ಲಿ. ಅರೆದ ಕಬ್ಬಿನ ತೂಕದಲ್ಲಿ ಸುಮಾರು ಶೇಕಡ 30 ಹಸಿ ಸಿಪ್ಪೆಯಾಗಿ ಉಳಿಯುತ್ತದೆ. ಅದರಲ್ಲಿ ಅರ್ಧ ನೀರು. ಪೆರುವಿನ ಪರಮೊಂಗಾದಲ್ಲಿ 1939ರಲ್ಲಿ ಸಿಪ್ಪೆಯಿಂದ ಕಾಗದ ಮಾಡುವ ಕಾರ್ಖಾನೆ ಯಶಸ್ವಿಯಾಗಿ ನಡೆಯಿತು. ತೊಡಕುಗಳಿರಲಿಲ್ಲವೆಂದಲ್ಲ. ಸಿಪ್ಪೆಯಲ್ಲಿ ನಾರಿನ ಜೊತೆ ಸ್ಪಂಜಿನಂಥ ಬೆಂಡು ಇರುತ್ತದೆ. ಅದನ್ನು ಬೇರ್ಪಡಿಸದಿದ್ದರೆ ರಾಸಾಯನಿಕವನ್ನೆಲ್ಲ ಅದೇ ಹೀರಿಬಿಡುತ್ತದೆ. ಅರೆಯುವ ಹಂಗಾಮು ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ಕಾಲಕ್ಕೆ ಸಿಪ್ಪೆ ಕೊಳೆಯದಂತೆ, ಬೆಂಕಿ ಹತ್ತದಂತೆ ಒದ್ದೆಯಾಗಿಯೇ ರಾಶಿ ಹಾಕಿ ಕಾಪಾಡಬೇಕು. ಇವಕ್ಕೆಲ್ಲ ಪರಿಹಾರ ಸಿಕ್ಕಿತು. ಏಕೆಂದರೆ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ಸಿಪ್ಪೆಯನ್ನು ಒಂದೆಡೆ ತರುವ ಖರ್ಚು ಸಕ್ಕರೆಯ ಲೆಕ್ಕದಲ್ಲಿ ಮುಗಿದಿತ್ತು.

ಮೈಸೂರು ಸಂಸ್ಥಾನದ ಕಾಲದಲ್ಲಿ, 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಮುಖ್ಯವಾಗಿ ಬಿದಿರನ್ನು ನಂಬಿತ್ತು. ಮುಂದೆ ತನ್ನದೇ ಸಕ್ಕರೆ ಘಟಕ ತೆರೆದು ಅದರ ಸಿಪ್ಪೆಯನ್ನೂ ಕಾಗದಕ್ಕೆ ಬಳಸಿತು. ಕನ್ನಡದ ಎಷ್ಟೋ ಅಕ್ಷರಗಳನ್ನು ಹೊತ್ತ ಆ ಯಂತ್ರಗಳು 2015–16ರ ಹೊತ್ತಿಗೆ ನಿಂತವು. ತಮಿಳುನಾಡಿನ ಕರೂರು ಬಳಿ 1984ರಲ್ಲಿ ಉತ್ಪಾದನೆ ಆರಂಭಿಸಿದ ಟಿಎನ್‌ಪಿಎಲ್ ಕಾರ್ಖಾನೆ ಮಾತ್ರ ಸಿಪ್ಪೆಯ ಕಾಗದದಲ್ಲಿ ಜಗತ್ತಿನ ದೊಡ್ಡ ಹೆಸರುಗಳಲ್ಲಿ ಒಂದಾಯಿತು. ಅದರ ಜಾಣತನ ವಿನಿಮಯದಲ್ಲಿತ್ತು. ಸಕ್ಕರೆ ಕಾರ್ಖಾನೆಗಳು ಸಿಪ್ಪೆಯನ್ನು ತಮ್ಮ ಬಾಯ್ಲರಿಗೆ ಉರುವಲಾಗಿ ಬಳಸುತ್ತಿದ್ದವು. ಅವಕ್ಕೆ ಬದಲಿ ಇಂಧನ, ಉಗಿ ಒದಗಿಸಿ ಕಾಗದ ಕಾರ್ಖಾನೆ ಸಿಪ್ಪೆ ಪಡೆಯಿತು. ಅಂದರೆ ಹಕ್ಕುದಾರ ಇದ್ದಾನೆಂದು ಒಪ್ಪಿಕೊಂಡು ಅವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿತು. 1990ರ ದಶಕದ ಬಳಿಕ ಸಕ್ಕರೆ ಕಾರ್ಖಾನೆಗಳು ಸಿಪ್ಪೆಯಿಂದ ವಿದ್ಯುತ್ ಮಾಡಿ ಮಾರತೊಡಗಿದವು. ಆಗ ಕಸದ ಬೆಲೆ ಏರಿತು. ಕಸವೆಂದು ಕರೆದದ್ದು ಸರಕಾಯಿತು.

ಹುಲ್ಲಿನ ಕರಿನೀರು

ಹುಲ್ಲಿನ ವಿಷಯದಲ್ಲಿ ಸೋಲಿಸಿದ್ದು ಎರಡನೆಯ ಪ್ರಶ್ನೆ. 1970ರ ದಶಕದಲ್ಲಿ ಕಾಗದದ ಅಭಾವ ತಲೆದೋರಿದಾಗ ಹುಲ್ಲು, ಸಿಪ್ಪೆ ಬಳಸುವ ಸಣ್ಣ ಕಾರ್ಖಾನೆಗಳಿಗೆ ಭಾರತ ಸರ್ಕಾರ ಪ್ರೋತ್ಸಾಹ ಕೊಟ್ಟಿತು. ಉತ್ತರಪ್ರದೇಶ ಮೊದಲಾದ ಕಡೆ ಅಂಥವು ಬಹಳಷ್ಟು ಎದ್ದವು. ದೊಡ್ಡ ಮರದ ಕಾರ್ಖಾನೆಯಲ್ಲಿ ಬೇಯಿಸಿ ಉಳಿದ ಕಪ್ಪು ದ್ರವವನ್ನು ಗಟ್ಟಿಯಾಗಿಸಿ ಸುಡುತ್ತಾರೆ. ಲಿಗ್ನಿನ್ ಉರಿದು ಶಾಖ ಕೊಡುತ್ತದೆ, ಸೋಡಾ ಮರಳಿ ಸಿಗುತ್ತದೆ. ಹುಲ್ಲಿನ ಕಪ್ಪು ದ್ರವದಲ್ಲಿ ಸಿಲಿಕಾ ಕರಗಿರುತ್ತದೆ. ಅದು ಕೊಳವೆಗಳ ಒಳಗೆ ಗಾಜಿನಂತೆ ಕಟ್ಟಿಕೊಂಡು ಯಂತ್ರವನ್ನೇ ನಿಲ್ಲಿಸುತ್ತದೆ. ಸಣ್ಣ ಕಾರ್ಖಾನೆಗಳಿಗೆ ಆ ಯಂತ್ರ ಕೊಳ್ಳುವ ಶಕ್ತಿಯೂ ಇರಲಿಲ್ಲ. ಕಪ್ಪು ದ್ರವ ಸೀದಾ ಹಳ್ಳಹೊಳೆಗಳಿಗೆ ಹೋಯಿತು. ಚೀನಾದಲ್ಲಿಯೂ ಇದೇ ಕತೆ. 1996ರಲ್ಲಿ ಹುವಾಯ್ ನದಿಯ ಕಣಿವೆಯಲ್ಲಿ ಸಾವಿರದಷ್ಟು ಸಣ್ಣ ಕಾಗದ ಕಾರ್ಖಾನೆಗಳನ್ನು ಒಮ್ಮೆಗೇ ಮುಚ್ಚಿಸಬೇಕಾಯಿತು. ಮರ ಉಳಿಸಿದ ಕಾಗದ ನೀರನ್ನು ಕೆಡಿಸಿತು. ಕಚ್ಚಾವಸ್ತು ಹೊಲದಿಂದ ಬಂತೆಂದ ಮಾತ್ರಕ್ಕೆ ಉತ್ಪನ್ನ ಹಸಿರಾಗುವುದಿಲ್ಲ.

ವಿಜ್ಞಾನ ಕೈಕಟ್ಟಿ ಕೂತಿಲ್ಲ. ಬೇಯಿಸುವ ಮೊದಲು ಬಿಸಿನೀರು ಅಥವಾ ದುರ್ಬಲ ಆಮ್ಲದಿಂದ ಹೆಮಿಸೆಲ್ಯುಲೋಸ್ ತೆಗೆದು ನೂಲಿನ ದರ್ಜೆಯ ಪಲ್ಪ್ ಮಾಡುವ ವಿಧಾನ ಬಹಳ ಹಿಂದೆಯೇ ಬಂದಿದೆ. ವಿಷದ ಆವಿಯ ಅಗತ್ಯವಿಲ್ಲದೆ, ಒಂದೇ ದ್ರಾವಕವನ್ನು ಮತ್ತೆ ಮತ್ತೆ ಬಳಸಿ ನೂಲು ತೆಗೆಯುವ ಲಯೊಸೆಲ್ ವಿಧಾನವನ್ನು ಕೋರ್ಟಾಲ್ಡ್ಸ್ 1992ರಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ಗೋಧಿಹುಲ್ಲಿನ ಪಲ್ಪನ್ನು ಇಂಥ ಶುದ್ಧ ವಿಧಾನಗಳಿಗೆ ಹೊಂದಿಸುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ.

ಯಾರ ಕಸ?

ಉಳಿದದ್ದು ಮೂರನೆಯ ಪ್ರಶ್ನೆ. ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಸಿಗುವುದು ಎರಡು ಮೂರು ವಾರ. ಕಂಬೈನ್ ಯಂತ್ರ ತೆನೆ ಕೊಯ್ದು ಕೂಳೆಯನ್ನು ನಿಲ್ಲಿಸಿ ಹೋಗುತ್ತದೆ. ಅಂತರ್ಜಲ ಉಳಿಸಲು 2009ರಲ್ಲಿ ತಂದ ಕಾಯಿದೆಗಳಿಂದ ನಾಟಿ ತಡವಾಗಿ, ಆ ಬಿಡುವು ಇನ್ನೂ ಕಿರಿದಾಯಿತು. ರೈತ ಕಡ್ಡಿ ಗೀರುವುದು ಹುಲ್ಲಿನ ಮೇಲಿನ ದ್ವೇಷದಿಂದಲ್ಲ, ಸಮಯದ ಅಭಾವದಿಂದ. 2022ರ ಆಗಸ್ಟ್‌ನಲ್ಲಿ ಪಾಣಿಪತ್ತಿನಲ್ಲಿ ಉದ್ಘಾಟನೆಯಾದ ಎಥನಾಲ್ ಘಟಕ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲು ಬಳಸುವ ಗುರಿಯಿಂದ ಕಟ್ಟಿದ್ದು. ಸೆಲ್ಯುಲೋಸನ್ನು ಒಡೆದು ಸಕ್ಕರೆ ಮಾಡುವ ಈ ಉದ್ಯಮವೂ, ಅದನ್ನು ಇಡಿಯಾಗಿ ಉಳಿಸಿ ನೂಲು ಮಾಡುವ ಉದ್ಯಮವೂ ಎದುರಿಸುವ ಕಷ್ಟ ಒಂದೇ. ಕೆಲವೇ ವಾರಗಳಲ್ಲಿ ಹುಲ್ಲನ್ನು ಸಾವಿರಾರು ಹೊಲಗಳಿಂದ ಎತ್ತಿ, ಒತ್ತಿ ಕಟ್ಟಿ, ವರ್ಷವಿಡೀ ಒಣಗಿರುವಂತೆ ಕಾಯಬೇಕು. ಬಿಡಿಹುಲ್ಲು ತುಂಬಿದ ಲಾರಿಯಲ್ಲಿ ಹುಲ್ಲಿಗಿಂತ ಗಾಳಿಯೇ ಹೆಚ್ಚು.

ಕರ್ನಾಟಕದಲ್ಲಿ ಲೆಕ್ಕ ಬೇರೆ. ಇಲ್ಲಿ ರಾಗಿಹುಲ್ಲಿನ ಬಣವೆ, ಜೋಳದ ಕಣಿಕೆ ಬೇಸಿಗೆಯಲ್ಲಿ ದನಗಳ ಪ್ರಾಣ. ಬರಗಾಲದಲ್ಲಿ ಗೋಶಾಲೆ ತೆರೆದು ಮೇವಿಗಾಗಿ ಜಿಲ್ಲೆಯಿಂದ ಜಿಲ್ಲೆಗೆ ಓಡಾಡುವ ನಾಡಿನಲ್ಲಿ ಅದನ್ನು ತ್ಯಾಜ್ಯವೆನ್ನುವುದು ಹೇಗೆ? ಹತ್ತಿ ಕಟ್ಟಿಗೆ ಎಷ್ಟೋ ಮನೆಗಳ ಒಲೆಗೆ ಸೌದೆ. ಕಬ್ಬಿನ ರವದಿಯನ್ನು ಸುಡದೆ ಸಾಲುಗಳ ನಡುವೆ ಹರಡಿದರೆ ನೆಲದ ತೇವ ಉಳಿಯುತ್ತದೆ. ಎಲ್ಲವನ್ನೂ ಹೊತ್ತೊಯ್ದರೆ ಮಣ್ಣಿಗೆ ಮರಳಬೇಕಾದ ಸಾರವೂ ಹೋಗುತ್ತದೆ. ನಿಜವಾಗಿ ಹೆಚ್ಚಾಗಿ ಉಳಿಯುವುದು ಎಲ್ಲಿ, ಎಷ್ಟು ಎಂದು ಊರೂರಿನ ಲೆಕ್ಕ ಹಾಕದೆ ಕಾರ್ಖಾನೆಯ ನಕ್ಷೆ ಬರೆದರೆ, ಬಂಜರಿನ ಕತೆ ಬಣವೆಯಲ್ಲೂ ಮರುಕಳಿಸೀತು.

ಇನ್ನೂರು ವರ್ಷಗಳ ಅನುಭವ ಹೇಳುವುದಿಷ್ಟು. ಹುಲ್ಲು ನೂಲಾಗಬಲ್ಲದು, ಅದರಲ್ಲಿ ಅನುಮಾನವಿಲ್ಲ. ಆದರೆ ಬಾಳಿದ್ದು ಲಿಂಟರ್ ಮತ್ತು ಕಬ್ಬಿನ ಸಿಪ್ಪೆಯಂಥವು. ಅವು ತಾವಾಗಿ ಒಂದೆಡೆ ಸೇರುವಂಥವು, ಬೆಲೆ ತೆತ್ತು ಪಡೆದಂಥವು. ಬಿಟ್ಟಿಯಾಗಿ ಸಿಗುತ್ತದೆಂದು ಕಾಡಿಗೆ, ಗೋಮಾಳಕ್ಕೆ, ಹೊಳೆಗೆ ಕೈಹಾಕಿದ ಕಡೆಯಲ್ಲೆಲ್ಲ ಲೆಕ್ಕವನ್ನು ಬೇರೆ ಯಾರೋ ತೀರಿಸಿದ್ದಾರೆ. ಹೂವಾಡಗಿತ್ತಿಯೂ ಬಾಳೆಯ ನಾರಿಗೆ ಪೇಟೆಯಲ್ಲಿ ಕಾಸು ಕೊಟ್ಟೇ ತರುತ್ತಾಳೆ. ಹೊಲದ ಹುಲ್ಲನ್ನು ಬಟ್ಟೆ ಮಾಡಹೊರಟವರೂ ಮೊದಲು ಹುಲ್ಲಿನ ಒಡೆಯನೊಂದಿಗೆ ಕೂತು ಬೆಲೆ ಮಾತಾಡಬೇಕಾಗುತ್ತದೆ.